ಶೆನೊನ್ಸೊ ಎಂದರೆ ಬರೀ ಸವತಿಯರ ಜಗಳವಲ್ಲ

ಫ್ರಾನ್ಸಿನ ಶೆನೊನ್ಸೊ ಅರಮನೆಯ ಬಗ್ಗೆ ಯಾರು ಬರೆದರೂ ಕಥೆ ಒಂದೇ: ರಾಣಿ ಕ್ಯಾಥರಿನ್ ದ ಮೆದಿಚಿಗೂ ರಾಜನ ಪ್ರೇಯಸಿ ದಿಯಾನ್ ದ ಪ್ವಾಟಿಯೆಗೂ ಇದ್ದ ಹಗೆ. ಎರಡನೆಯ ಹೆನ್ರಿ 1547ರಲ್ಲಿ ಅರಮನೆಯನ್ನು ದಿಯಾನ್‌ಳಿಗೆ ಕೊಟ್ಟ. 1559ರಲ್ಲಿ ಅವನು ಸತ್ತದ್ದೇ ತಡ, ರಾಣಿ ಅವಳ ಕೈಗೆ ಶೋಮೊಂ ಕೋಟೆಯನ್ನಿತ್ತು ಇದನ್ನು ಕಿತ್ತುಕೊಂಡಳು. ಇದೆಲ್ಲ ನಿಜವೇ. ಆದರೆ ಮಾತು ಅಲ್ಲಿಗೇ ನಿಂತರೆ ನನಗೆ ಸಂಕಟವಾಗುತ್ತದೆ. ಆ ಹೆಂಗಸರು ಅಲ್ಲಿ ಮಾಡಿಸಿದ ಕೆಲಸವನ್ನು ಯಾರೂ ಎತ್ತುವುದೇ ಇಲ್ಲವಲ್ಲ!

ಅವರಿಬ್ಬರಿಗಿಂತ ಮೊದಲಿನವಳನ್ನೇ ನೋಡಿ. 1513ರಲ್ಲಿ ಜಾಗ ಕೊಂಡವನು ರಾಜನ ಖಜಾನೆಯ ಅಧಿಕಾರಿ ತೊಮಾ ಬೊಯಿಯೆ. ಅವನು ಇಟಲಿಯ ಯುದ್ಧಗಳಲ್ಲಿದ್ದಾಗ, ಶೇರ್ ನದಿಯಲ್ಲಿದ್ದ ಹಳೆಯ ಗಿರಣಿಯ ಅಡಿಪಾಯದ ಮೇಲೆ ಅರಮನೆ ಏಳುವಂತೆ ನಿಂತು ನೋಡಿಕೊಂಡವಳು ಅವನ ಹೆಂಡತಿ ಕ್ಯಾಥರಿನ್ ಬ್ರಿಸೊನೆ. 1535ರಲ್ಲಿ ಸಾಲದ ಲೆಕ್ಕಕ್ಕೆ ಅದು ರಾಜನ ಪಾಲಾಯಿತು.

ದಿಯಾನ್‌ಳ ತೋಟವಂತೂ ನನ್ನ ಮನಸ್ಸಿನಿಂದ ಇಳಿಯುವುದಿಲ್ಲ. ಶೇರ್ ನದಿಗೆ ನೆರೆ ಬಂದರೆ ದಡದ ಮಣ್ಣು ಉಳಿಯುವುದಿಲ್ಲ. ಆದ್ದರಿಂದ ಅವಳು ಹೂವಿನ ಯೋಚನೆಗೆ ಮೊದಲು ಕಲ್ಲಿನ ಯೋಚನೆ ಮಾಡಿದಳು. ನೆಲವನ್ನು ಎತ್ತರಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿಸಿ, ಸುಮಾರು 3 ಎಕರೆಯ ತೋಟ ಮಾಡಿಸಿದಳು. ಅದರ ನಡುವೆ ಒಂದು ಚಿಲುಮೆ: ಗೇಣುದ್ದವೂ ಇಲ್ಲದ ಒಂದು ಕಲ್ಲು, ಅದಕ್ಕೊಂದು ತೂತು, ತೂತಿಗೆ ಮರದ ಬೆಣೆ. ಬೆಣೆ ಕಿತ್ತರೆ ನೀರು ಸುಮಾರು 6 ಮೀಟರ್ ಎತ್ತರಕ್ಕೆ ಚಿಮ್ಮುತ್ತಿತ್ತು ಎಂದು ಆ ಕಾಲದ ವಾಸ್ತುಶಿಲ್ಪಿ ದು ಸೆರ್ಸೊ ಬರೆದಿಟ್ಟಿದ್ದಾನೆ. ಬೆಣೆ ಕೀಳಲು ಬಗ್ಗಿದ ತೋಟದ ಆಳು ಮೈಯೆಲ್ಲ ತೊಯ್ಯಿಸಿಕೊಂಡಿರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನದಿಗೆ ಅಡ್ಡಲಾಗಿ ಸೇತುವೆ ಹಾಕಿಸಿದವಳೂ ದಿಯಾನಳೇ. ಅದರ ವಾಸ್ತುಶಿಲ್ಪಿ ಫಿಲಿಬೆರ್ ದ ಲೋರ್ಮ್. ರಾಣಿ ಅದನ್ನು ಕೆಡವಿಸಬಹುದಿತ್ತು. ಕೆಡವಿಸದೆ ಅದರ ಮೇಲೆಯೇ 60 ಮೀಟರ್ ಉದ್ದದ ಹಜಾರ ಕಟ್ಟಿಸಿದಳು, ತನ್ನದೇ ಬೇರೊಂದು ತೋಟವನ್ನೂ ಹಾಕಿಸಿದಳು. ಹಗೆಯ ಕಥೆ ಹೇಳುವವರು ಇದಕ್ಕೇನು ಹೇಳುತ್ತಾರೆ?

ಮೊದಲ ಮಹಾಯುದ್ಧದಲ್ಲಿ ಆ ಹಜಾರದ ಉದ್ದಕ್ಕೂ ಗಾಯಾಳು ಸೈನಿಕರ ಮಂಚಗಳನ್ನು ಹಾಕಿದ್ದರು. 1940ರಲ್ಲಿ ಶೇರ್ ನದಿಯೇ ಗಡಿಯಾಯಿತು. ಅರಮನೆಯ ಮುಂಬಾಗಿಲು ಜರ್ಮನರ ವಶದಲ್ಲಿದ್ದ ನೆಲದಲ್ಲಿ, ಹಜಾರದ ದಕ್ಷಿಣದ ಬಾಗಿಲು ಅವರ ವಶಕ್ಕೆ ಹೋಗದ ನೆಲದಲ್ಲಿ. ಎಷ್ಟೋ ಜನ ಈ ಕಡೆಯಿಂದ ಹೊಕ್ಕು, ದಿಯಾನ್‌ಳ ಸೇತುವೆಯ ಮೇಲೆ, ಕ್ಯಾಥರಿನಳ ಹಜಾರದೊಳಗೆ ನಡೆದು, ಆ ಬಾಗಿಲಿನಿಂದ ಜೀವ ಉಳಿಸಿಕೊಂಡು ಹೊರಟುಹೋದರು.