ದೇವರನ್ನ ಬಿಡಿ, ಗೋಡೆ ಸ್ಕ್ಯಾನ್ ಮಾಡಿ

ಜಪಾನಲ್ಲಿ ವಾಕಾಯಾಮಾ ಅಂತ ಒಂದು ಪ್ರಾಂತ್ಯ ಇದೆ, ನಾನಿರೋ ಒಸಾಕಾದಿಂದ ದಕ್ಷಿಣಕ್ಕೆ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಕಾಡು ಗುಡ್ಡ, ಕುಮಟಾ ಹೊನ್ನಾವರದವ್ರನ್ನ ತಂದು ಬಿಟ್ರೆ ಸ್ವಲ್ಪ ಹೊತ್ತು ಊರ ಕಡೆನೇ ಇದೀವಿ ಅಂದ್ಕೋತಾರೆ. ಅಲ್ಲಿನ ಹಳ್ಳಿಗಳಲ್ಲಿ ಈಗ ವಯಸ್ಸಾದವ್ರೇ ಜಾಸ್ತಿ, ಎಷ್ಟೋ ಬುದ್ಧನ ಗುಡಿಗಳಲ್ಲಿ ಪೂಜೆಯವ್ರು ಉಳಿದಿಲ್ಲ, ಬಾಗಿಲಿಗೆ ಒಂದು ಬೀಗ ಅಷ್ಟೇ. 2010-11ರ ಹೊತ್ತಿಗೆ ಅಂಥ ಗುಡಿಗಳಿಂದ ಮೂರ್ತಿಗಳು ಒಂದಾದ ಮೇಲೆ ಒಂದು ಕಳುವಾದ್ವು. ಆಗ ಪ್ರಾಂತ್ಯದ ಮ್ಯೂಸಿಯಂನವ್ರು ಒಂದು ಟೆಕ್ನಿಕಲ್ ಹೈಸ್ಕೂಲಿನ ಹುಡುಗರನ್ನ ಹಿಡಿದು ಮೂರ್ತಿಗಳನ್ನ ತ್ರೀಡಿ ಸ್ಕ್ಯಾನ್ ಮಾಡಿಸಿದ್ರು, ಪ್ರಿಂಟ್ ತೆಗೆಸಿದ್ರು, ಯೂನಿವರ್ಸಿಟಿ ಮಕ್ಕಳ ಹತ್ರ ಹಳೇ ಮರದ ಹಾಗೇ ಕಾಣೋ ಬಣ್ಣ ಹೊಡೆಸಿದ್ರು, ಆಮೇಲೆ ಆ ನಕಲನ್ನ ಗುಡಿಯಲ್ಲಿಟ್ಟು ಅಸಲಿಯನ್ನ ಮ್ಯೂಸಿಯಂಗೆ ತಗೊಂಡು ಹೋಗಿಟ್ರು. ಹಳ್ಳಿಯವ್ರು ನಕಲಿಗೇ ಕೈ ಮುಗೀತಾರೆ, ಮಕ್ಕಳೇ ಮಾಡಿ ಹೊತ್ಕೊಂಡು ಬಂದು ಕೊಟ್ಟಿದ್ದು ಅನ್ನೋ ಪ್ರೀತಿ ಬೇರೆ.

ಇದನ್ನ ಫೋನಲ್ಲಿ ದೊಡ್ಡಪ್ಪಂಗೆ ಹೇಳಿದ್ರೆ ಅವ್ರಿಗೆ ನಗು. "ಪ್ರಾಣಪ್ರತಿಷ್ಠೆ ಆದ ಮೂರ್ತಿನ ಮ್ಯೂಸಿಯಮ್ಮಲ್ಲಿ ಇಡ್ತ್ವಾ? ಪ್ಲಾಸ್ಟಿಕ್ ದೇವ್ರಿಗೆ ಅಭಿಷೇಕ ಮಾಡ್ತ್ವಾ? ಎಂತಾ ಜನನೋ ಮಾರಾಯ." ಸರಿ, ಅವ್ರು ಹೇಳೋದ್ರಲ್ಲೂ ಅರ್ಥ ಇದೆ. ಆದ್ರೆ ಅದೇ ಫೋನಲ್ಲಿ, ಎರಡು ನಿಮಿಷ ಆದ ಮೇಲೆ, ಅಷ್ಟೇ ಸಲೀಸಾಗಿ ಹೇಳಿದ್ರು: "ನಮ್ಮ ಗುಡಿ ಒಡದು ಹೊಸ್ತು ಕಟ್ಟದು ಅಂತ ಆಯ್ದು, ನಿಂಗೂ ಒಂದು ರಸೀದಿ ಕಳಸ್ತ."

ನನ್ನ ತಲೇಲಿ ಅವತ್ತಿಂದ ಇದೇ ಕೊರೀತಾ ಇದೆ. ಇಲ್ಲಿಯವ್ರು ಮೂರ್ತಿನ ಎತ್ತಿ ಬೇರೆ ಕಡೆ ಇಡೋಕೆ ಹಿಂದೆಮುಂದೆ ನೋಡಲ್ಲ, ಆದ್ರೆ ಗುಡಿಯ ಒಂದು ಹಲಗೆ ಬದಲಾಯಿಸ್ಬೇಕು ಅಂದ್ರೂ ಮೊದ್ಲು ಅಳತೆ, ಫೋಟೋ, ವರದಿ. ನಮ್ಮಲ್ಲಿ ಮೂರ್ತಿ ಒಂದಿಂಚು ಅಲ್ಲಾಡ್ಸೋಕೆ ತಂತ್ರಿಗಳು, ಮುಹೂರ್ತ, ಕಲಾಕರ್ಷಣೆ (ಮೂರ್ತಿಯ ಚೈತನ್ಯ ಕಲಶಕ್ಕೆ ಇಳಿಸೋದು), ಬಾಲಾಲಯ (ತಾತ್ಕಾಲಿಕ ಗುಡಿ) ಎಲ್ಲಾ ಬೇಕು, ಗೋಡೆ ಒಡೆಯೋಕೆ ಮಾತ್ರ ಒಂದು ಜೆಸಿಬಿ ಬಾಡಿಗೆ ಸಾಕು. ಎರಡರಲ್ಲಿ ಯಾವುದು ಹೆಚ್ಚು ಭಕ್ತಿ ಅಂತ ನಾನು ತೀರ್ಪು ಕೊಡೋಕೆ ಹೋಗಲ್ಲ. ಆದ್ರೆ ಡಿಜಿಟಲ್ ಅಂತ ನಾವು ಖರ್ಚು ಮಾಡೋದಾದ್ರೆ ಅದು ಗೋಡೆ ಮೇಲೆ ಆಗ್ಬೇಕು, ದೇವರ ಮೇಲೆ ಅಲ್ಲ.

ಯಾವ ಗೋಡೆ ಅಂತ ಕೇಳಿದ್ರೆ ಕಾವಿ ಚಿತ್ರದ ಗೋಡೆ. ನಮ್ಮ ಕರಾವಳಿಯವ್ರಿಗೆ ಹೇಳ್ಬೇಕಾಗಿಲ್ಲ, ಬೇರೆಯವ್ರಿಗೆ ಹೇಳ್ತೀನಿ. ಚಿಪ್ಪು ಸುಟ್ಟ ಸುಣ್ಣ, ಹೊಳೆ ಮರಳು, ಬೆಲ್ಲ ಸೇರಿಸಿ ಕೊಳೆ ಹಾಕಿ ಕುಟ್ಟಿ ಮಾಡಿದ ಗಾರೆ, ಅದರ ಮೇಲೆ ಕೆಂಪು ಬಣ್ಣದ ತೆಳು ಪದರ, ಅದು ಹಸಿ ಇರೋವಾಗಲೇ ಮೊನೆಯಿಂದ ಕೆರೆದು ಕೆಳಗಿನ ಬಿಳಿ ಎಬ್ಬಿಸ್ತಾರೆ. ಕೆಂಪು, ಬಿಳಿ, ಎರಡೇ ಬಣ್ಣ. ಶಿರಸಿ ಮಾರಿಕಾಂಬೆ ಗುಡಿಯಲ್ಲಿ ಈಗಲೂ ನೋಡ್ಬಹುದು. ಅಂಕೋಲಾ ಕುಮಟಾ ಕಡೆ ಸಣ್ಣ ಸಣ್ಣ ಗುಡಿಗಳಲ್ಲಿ ಇದ್ದದ್ದು ಎಷ್ಟೋ ಹೋಯ್ತು, ಮಳೆಗಾಲದ ತೇವಕ್ಕೆ ಸ್ವಲ್ಪ, ಡಿಸ್ಟೆಂಪರಿಗೆ ಸ್ವಲ್ಪ, ಉಳಿದದ್ದು ಜೀರ್ಣೋದ್ಧಾರಕ್ಕೆ. ಹೊನ್ನಾವರದವ್ರೇ ಆದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಈ ಚಿತ್ರಗಳ ಫೋಟೋ ತೆಗೆದು ಬರೆದು ಇಡದೇ ಇದ್ದಿದ್ರೆ ಹೀಗೊಂದು ಕಲೆ ಇತ್ತು ಅಂತ ಹೊರಗಿನವ್ರಿಗೆ ಗೊತ್ತಾಗ್ತಾನೇ ಇರ್ಲಿಲ್ಲ. ಅವ್ರು ತೀರಿಕೊಂಡಿದ್ದು 2002ರಲ್ಲಿ. ಒಬ್ಬ ಮನುಷ್ಯ, ಒಂದು ಕ್ಯಾಮೆರಾ, ಫಿಲಂ ರೋಲು. ಈಗ ಎಲ್ಲರ ಜೇಬಲ್ಲೂ ಅದಕ್ಕಿಂತ ದೊಡ್ಡ ಕ್ಯಾಮೆರಾ ಇದೆ, ತೆಗೆಯೋದು ಮಾತ್ರ ಸೆಲ್ಫಿ.

ನಮ್ಮೂರ ಗುಡಿಯಲ್ಲೂ ಇದೆ. ಪ್ರದಕ್ಷಿಣೆ ಹಾಕುವಾಗ ಬಲಗಡೆ ಗೋಡೆಯಲ್ಲಿ ಬಳ್ಳಿ, ಆನೆ, ಒಂದು ದೊಡ್ಡ ಎಂಟೆಸಳಿನ ಹೂವು, ಮೂಲೆಯಲ್ಲಿ ಒಂದು ಕುದುರೆ. ಕುದುರೆಗೆ ಮುಂಗಾಲು ಮಾತ್ರ ಇದೆ, ಉಳಿದ ಮೈ ಮೇಲೆ ಯಾರೋ ಪುಣ್ಯಾತ್ಮರು ಟ್ಯೂಬ್‌ಲೈಟಿನ ಸ್ವಿಚ್ ಬೋರ್ಡ್ ಹೊಡೆದಿದಾರೆ. ಕಳೆದ ಸಲ ಹೋದಾಗ ಸಂಜೆ ಕರೆಂಟು ಹೋಗಿತ್ತು, ಮೊಬೈಲ್ ಟಾರ್ಚನ್ನ ಗೋಡೆಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿದೆ, ಆಗ ಹೂವಿನ ನಟ್ಟನಡುವೆ ಒಂದು ಸಣ್ಣ ಚುಕ್ಕೆ ಗುಳಿ ಕಾಣ್ತು. ಕೈವಾರದ ಮೊನೆ ಊರಿದ ಜಾಗ ಅದು. ಅಲ್ಲಿಂದ ಎಸಳಿನ ತುದಿವರೆಗೂ ಕೆರೆದ ಗೆರೆಗಳ ಆಳ ಬೇರೆಬೇರೆ, ಒಂದು ಎಸಳಲ್ಲಿ ಕೈ ಜಾರಿ ಗೆರೆ ಹೊರಗೆ ಹೋಗಿರೋದೂ ಕಾಣ್ತು. ಎದುರಿಂದ ಫ್ಲ್ಯಾಶ್ ಹೊಡೆದು ತೆಗೆದ ಫೋಟೋದಲ್ಲಿ ಇದ್ಯಾವುದೂ ಬರಲ್ಲ, ಸ್ಕ್ಯಾನ್ ಮಾಡಿದ್ರೆ ಬರತ್ತೆ. ನನ್ನ ನೋಡಿ ಭಟ್ರು, "ದೇವ್ರಿಗೂ ಆಧಾರ್ ಕಾರ್ಡ್ ಮಾಡಸ್ತ್ಯನಾ ತಮಾ?" ಅಂದ್ರು. ಅವ್ರಿಗೆ ತಮಾಷೆ, ನನಗೆ ಅದು ಒಳ್ಳೇ ಐಡಿಯಾನೇ ಅನ್ನಿಸ್ತು.

ಈಗ ನಾರಾ ಹತ್ರದ ಹೋರ್ಯೂಜಿ ಕತೆ ಹೇಳ್ಬೇಕು. ಜಗತ್ತಲ್ಲೇ ಅತಿ ಹಳೇ ಮರದ ಕಟ್ಟಡಗಳಿರೋ ದೇವಾಲಯ ಅದು, ಮುಖ್ಯ ಗುಡಿಯೊಳಗೆ ಸುಮಾರು 1300 ವರ್ಷ ಹಿಂದಿನ ಗೋಡೆ ಚಿತ್ರಗಳು, ನೋಡಿದವ್ರೆಲ್ಲ ಅಜಂತಾ ಜೊತೆ ಹೋಲಿಸೋವಂಥವು. 1935ರಲ್ಲಿ ಕ್ಯೋಟೋದ ಒಂದು ಪ್ರಿಂಟಿಂಗ್ ಕಂಪನಿ ಹನ್ನೆರಡು ದೊಡ್ಡ ಗೋಡೆಗಳನ್ನೂ ಅಸಲಿ ಸೈಜಲ್ಲೇ ಗಾಜಿನ ಪ್ಲೇಟುಗಳ ಮೇಲೆ ಫೋಟೋ ತೆಗೀತು. ಆಮೇಲೆ ಚಿತ್ರಕಾರರು ಬಂದು ಅದನ್ನ ನಕಲು ಮಾಡ್ತಾ ಕೂತಿದ್ರು, ಆ ಕೆಲಸ ಇನ್ನೂ ನಡೀತಿರೋವಾಗಲೇ 1949ರ ಜನವರಿ 26ಕ್ಕೆ ಬೆಂಕಿ ಬಿದ್ದು ಗೋಡೆಗಳು ಸುಟ್ಟು ಹೋದ್ವು. ಮರುವರ್ಷನೇ ಸರ್ಕಾರ ಪರಂಪರೆ ರಕ್ಷಣೆಗೆ ಕಾನೂನು ತಂತು. 1967-68ರಲ್ಲಿ ಹಳೇ ಗಾಜಿನ ಫೋಟೋಗಳನ್ನೇ ಮುಂದಿಟ್ಕೊಂಡು ಹೊಸದಾಗಿ ಬರೆಸಿ ಗುಡಿಯೊಳಗೆ ಕೂರಿಸಿದ್ರು. ಸುಟ್ಟ ಗೋಡೆಗಳನ್ನೂ ಬಿಸಾಕಿಲ್ಲ, ಬೇರೆ ಕೋಣೆಯಲ್ಲಿ ಇಟ್ಟಿದಾರೆ. 2020ರಲ್ಲಿ ಆ ಗಾಜಿನ ಪ್ಲೇಟುಗಳನ್ನ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಬಿಟ್ರು, ಕಾರವಾರದಲ್ಲಿ ಕೂತು ಝೂಮ್ ಮಾಡಿ ಬೋಧಿಸತ್ವನ ರೆಪ್ಪೆ ನೋಡ್ಬಹುದು. ಆ ಬೆಂಕಿಯ ನೆನಪಿಗೆ ಪ್ರತಿ ಜನವರಿ 26ಕ್ಕೆ, ನಾವು ಬಾವುಟ ಹಾರಿಸೋ ದಿನ, ಇಲ್ಲಿ ದೇಶದ ಗುಡಿಗಳಲ್ಲೆಲ್ಲ ಬೆಂಕಿ ಆರಿಸೋ ತಾಲೀಮು ನಡೆಯತ್ತೆ.

ಇದನ್ನ ಕೇಳಿದ ಕೂಡ್ಲೇ ಊರಲ್ಲಿ ಒಬ್ಬ ಓದಿದವ್ರು ಎದ್ದು ಕೇಳೋ ಪ್ರಶ್ನೆ ನನಗೆ ಗೊತ್ತು. ಅದೇ ಜಪಾನಿನ ಇಸೆಯಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ದೇವಸ್ಥಾನನೇ ಹೊಸದಾಗಿ ಕಟ್ತಾರಲ್ಲ, ನಾವು ಕಟ್ಟಿದ್ರೆ ಏನು ತಪ್ಪು ಅಂತ. ಕಟ್ತಾರೆ, ಹೋದ ಸಲ 2013, ಮುಂದಿನದು 2033. ಆದ್ರೆ ಪಕ್ಕದ ಖಾಲಿ ಜಾಗದಲ್ಲಿ, ಅದೇ ಅಳತೆ, ಅದೇ ಜಾತಿ ಮರ, ಹಳಬರ ಕೈಕೆಳಗೆ ಕಲಿತ ಬಡಗಿಗಳು, ಹಳೇದನ್ನ ಎದುರಿಗಿಟ್ಕೊಂಡೇ ಕಟ್ಟೋದು. ನಮ್ಮ ಶಾಸ್ತ್ರದಲ್ಲೂ ಜೀರ್ಣೋದ್ಧಾರ ಇದೆ, ಹನ್ನೆರಡು ವರ್ಷಕ್ಕೆ ಮೂರ್ತಿನ ಪೀಠಕ್ಕೆ ಮತ್ತೆ ಭದ್ರ ಮಾಡೋ ಅಷ್ಟಬಂಧ, ಬ್ರಹ್ಮಕಲಶ ಎಲ್ಲಾ ಇದೆ, ಕಟ್ಟೋದು ಪಾಪ ಅಂತ ನಾನು ಹೇಳ್ತಾನೇ ಇಲ್ಲ. ಚಿರೆಕಲ್ಲು ಪುಡಿಯಾಗಿ ಮಾಡು ಸೋರ್ತಿದ್ರೆ ಏನ್ ಮಾಡೋಕಾಗತ್ತೆ? ಆದ್ರೆ ನಾವು ಕಟ್ಟೋದು ಮೊದ್ಲಿದ್ದದ್ದನ್ನಲ್ಲ, ಪಕ್ಕದೂರಲ್ಲಿ ಹೋದ ವರ್ಷ ಕಟ್ಟಿದ್ದನ್ನ. ಆರ್‌ಸಿಸಿ, ಗ್ರಾನೈಟು, ವಿಟ್ರಿಫೈಡ್ ಟೈಲ್ಸು, ಬಾಗಿಲ ಮೇಲೆ ಫೈಬರ್ ಸಿಂಹ. ಭಟ್ಕಳದ ಖೇತಪೈ ನಾರಾಯಣ ಗುಡಿ ನೋಡಿ, 16ನೇ ಶತಮಾನದ್ದು, ನಮ್ಮ ಮಳೆಗೆ ಸರಿಯಾಗಿ ಕಲ್ಲು ಚಪ್ಪಡಿಯನ್ನೇ ಹಂಚಿನ ಮಾಡಿನ ಹಾಗೆ ಇಳಿಜಾರು ಇಟ್ಟು ಕಟ್ಟಿದಾರೆ. ಅಷ್ಟು ಬುದ್ಧಿ ಇದ್ದ ಕರಾವಳಿಯಲ್ಲಿ ಈಗ ಸ್ಲ್ಯಾಬ್ ಹಾಕಿ, ಅದು ಸೋರಿ, ಅದರ ಮೇಲೆ ತಗಡಿನ ಶೀಟು.

ಇನ್ನೊಂದು ಮಾತು ನಮ್ಮವ್ರಿಗೇ, ಅಂದ್ರೆ ಹೊರನಾಡವ್ರಿಗೆ. ಈ ಗ್ರಾನೈಟಿಗೆಲ್ಲ ದುಡ್ಡು ಎಲ್ಲಿಂದ ಬರತ್ತೆ? ಮುಂಬೈ, ಪುಣೆ, ದುಬೈ, ನಮ್ಮಂಥವ್ರಿಂದ. ಗೋಡೆ ಮೇಲಿನ ದಾನಿಗಳ ಪಟ್ಟಿ ಓದಿದ್ರೆ ಅರ್ಧಕ್ಕರ್ಧ ಊರಲ್ಲಿಲ್ಲದವ್ರೇ. ಊರಲ್ಲಿದ್ದೋರು ಸೋರೋ ಮಾಡಿನ ಕೆಳಗೆ ದಿನಾ ನಿಲ್ಲೋರು, ಅವ್ರಿಗೆ ಹೊಸ್ತು ಬೇಕು ಅನ್ಸೋದು ಸಹಜ. ನಾವು ದುಡ್ಡು ಕಳಿಸಿ, ಎರಡು ವರ್ಷ ಬಿಟ್ಟು ಬಂದು, ಅಯ್ಯೋ ಹಳೇ ಗುಡಿ ಎಷ್ಟು ಚಂದ ಇತ್ತು ಅಂತ ಸ್ಟೇಟಸ್ ಹಾಕೋದು. ಅದರ ಬದ್ಲು ದುಡ್ಡು ಕೊಡುವಾಗಲೇ ಒಂದು ಷರತ್ತು ಹಾಕಿ: ಒಡೆಯೋ ಮೊದ್ಲು ಪೂರ್ತಿ ಸ್ಕ್ಯಾನ್ ಆಗ್ಬೇಕು.

ಅದಕ್ಕೇನು ಲೇಸರ್ ಮಿಷನ್ನೇ ಬೇಕು ಅಂತಿಲ್ಲ. ಇದ್ರೆ ಒಳ್ಳೇದು, ಇಲ್ಲದಿದ್ರೆ ಒಂದು ಒಳ್ಳೇ ಕ್ಯಾಮೆರಾ, ಟ್ರೈಪಾಡು, ತಾಳ್ಮೆ. ಪ್ರತಿ ಫೋಟೋದಲ್ಲೂ ಹಿಂದಿನ ಫೋಟೋದ ಮುಕ್ಕಾಲು ಭಾಗ ಬರೋ ಹಾಗೆ ಸಾಲಾಗಿ ತೆಗೀಬೇಕು, ಗೋಡೆ ಪಕ್ಕ ಅಳತೆಪಟ್ಟಿ, ಬಣ್ಣದ ಕಾರ್ಡು ಇಡ್ಬೇಕು, ಇಲ್ದಿದ್ರೆ ನಾಳೆ ಆ ಕೆಂಪು ಯಾವ ಕೆಂಪು ಅಂತ ಜಗಳ. ಉಚಿತ ಸಾಫ್ಟ್‌ವೇರ್‌ಗಳೇ ಇವನ್ನ ಜೋಡಿಸಿ ತ್ರೀಡಿ ಮಾಡ್ತಾವೆ. ಹಿತ್ತಾಳೆ ಕವಚ, ಗಾಜು, ಪಾಲಿಶ್ ಗ್ರಾನೈಟಿನ ಮೇಲೆ ಸಾಫ್ಟ್‌ವೇರ್ ಎಡವತ್ತೆ, ದೀಪದ ಮಸಿ ಹಿಡಿದ ಕಪ್ಪು ಗೋಡೆ ಮೇಲೂ ಅಷ್ಟೇ. ಕಾವಿ ಗೋಡೆ, ಹೊಳಪಿಲ್ಲ, ಗೆರೆ ತುಂಬಾ ಇದೆ, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಳೆಗಾಲ ಬಿಟ್ಟು ಮಾಡಿ ಅಷ್ಟೇ. ಇದಕ್ಕೆ ಜಪಾನಿಗೇ ಬರ್ಬೇಕಾಗಿಲ್ಲ, ಹಂಪಿಯನ್ನ ಡಿಜಿಟಲ್ ಆಗಿ ಕಟ್ಟೋ ಕೇಂದ್ರ ಸರ್ಕಾರದ ಪ್ರಾಜೆಕ್ಟಲ್ಲಿ ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನವ್ರೂ ಇದ್ರು, ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಊರೂರ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಾ ಸವೆದ ಅಕ್ಷರ ಓದ್ತಾ ಇದೆ. ಶಿರಸಿಗೆ ಹುಬ್ಬಳ್ಳಿ ಏನು ದೂರ?

ಸ್ಕ್ಯಾನ್ ಮಾಡಿದ ಗುಡಿನ ಕೂತಲ್ಲೇ ಕಣ್ಮುಂದೆ ತೋರಿಸೋ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕದ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ, ಒಪ್ಕೋತೀನಿ. ಗೋಕರ್ಣದಲ್ಲಿ ಪೀಠದ ರಂಧ್ರದೊಳಗೆ ಬೆರಳು ಇಳಿಸಿ ಆತ್ಮಲಿಂಗ ಮುಟ್ಟೋದೇ ದರ್ಶನ, ಅದನ್ನ ಯಾವ ಕನ್ನಡಕ ಕೊಡತ್ತೆ? ಗರ್ಭಗುಡಿಯೊಳಗೆ ಕ್ಯಾಮೆರಾ ಬೇಡ ಅಂತ ಭಟ್ರು ಹೇಳಿದ್ರೆ ಬೇಡ, ಅಷ್ಟೇ, ಅಲ್ಲಿ ವಾದ ಮಾಡ್ಬಾರದು, ಹೊರಗೆ ಮಾಡೋಕೇ ಬೇಕಾದಷ್ಟಿದೆ. ವರ್ಚುವಲ್ ನಿಜವಾಗಿ ಬೇಕಾಗಿರೋದು ಹೋಗೋಕೇ ಆಗದ ಜಾಗಕ್ಕೆ. ಕಾರವಾರದ ಎದುರಿಗೇ ಅಂಜದೀವ್ ದ್ವೀಪ ಇದೆ, ಲೆಕ್ಕಕ್ಕೆ ಗೋವಾ, ಕಣ್ಣಿಗೆ ಕಾರವಾರ. ಅಲ್ಲಿ ಪೋರ್ಚುಗೀಸರ ಕಾಲದ ಮಾತೆಯ ಚರ್ಚಿದೆ, ಮೊದ್ಲು ಭಕ್ತರು ಹಬ್ಬಕ್ಕೆ ದೋಣಿಯಲ್ಲಿ ಹೋಗ್ತಿದ್ರು, ಈಗ ನೌಕಾನೆಲೆಯೊಳಗೆ ಸೇರಿರೋದ್ರಿಂದ ಹಾಗೆಲ್ಲ ಹೋಗೋ ಹಾಗಿಲ್ಲ. ನೇವಿಯವ್ರೇ ಆ ಚರ್ಚಿನ ಒಳಹೊರಗು ಸ್ಕ್ಯಾನ್ ಮಾಡಿ, ಬೇಡದ್ದನ್ನ ತೆಗೆದುಹಾಕಿ, ಜನರಿಗೆ ಕೊಟ್ರೆ ಎಷ್ಟು ಒಳ್ಳೇದು. ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಹೀಗೇ, ನಡೆದು ಹೋಗೋಕಾಗದ ವಯಸ್ಸಾದ ಜೈನರು ಎಷ್ಟಿಲ್ಲ.

ಭಯ ಇರೋದು ಒಂದೇ. ಸ್ಕ್ಯಾನ್ ಆಯ್ತಲ್ಲ, ಕಂಪ್ಯೂಟರಲ್ಲಿ ಇದೆಯಲ್ಲ, ಇನ್ನು ಒಡೀರಿ ಅನ್ನೋದು. ಈ ಮಾತು ನಮ್ಮ ಕಮಿಟಿ ವಾಟ್ಸಾಪಲ್ಲಿ ಆಗಲೇ ಬಂತು. ಅದಕ್ಕೆ ನಾನು ಬರೆದಿದ್ದು, ಮಾಡು ಹೊಸದಾಗ್ಲಿ, ಹೆಬ್ಬಾಗಿಲು ಹೊಸದಾಗ್ಲಿ, ಕಾವಿ ಇರೋ ಆ ಒಂದು ಗೋಡೆ ಬಿಟ್ಟು ಕಟ್ಟೋಕಾಗತ್ತಾ ಅಂತ ಇಂಜಿನಿಯರನ್ನ ಮೊದ್ಲು ಕೇಳಿ, ಆಗಲ್ಲ ಅಂದ್ರೆ ಆಮೇಲೆ ಸ್ಕ್ಯಾನ್ ಮಾತು. ಫೈಲು ಮೂರು ಕಡೆ ಇರ್ಲಿ, ಮೊಕ್ತೇಸರರ ಕಪಾಟಲ್ಲಿ ಒಂದು, ಯಾವುದಾದ್ರೂ ಕಾಲೇಜಲ್ಲಿ ಒಂದು, ಊರ ಹೊರಗೆ ಒಂದು, ಯಾಕಂದ್ರೆ ನಮ್ಮ ಜೂನ್ ಜುಲೈ ತೇವಕ್ಕೆ ಹಾರ್ಡ್ ಡಿಸ್ಕಿಗೂ ಬೂಸ್ಟು ಹಿಡಿಯತ್ತೆ. ಖಜಾಂಚಿ ಅವ್ರು ಉತ್ತರ ಹಾಕಿದಾರೆ, ಸ್ಕ್ಯಾನಿಂಗಿಗೆ ಎಷ್ಟಾಗತ್ತೆ ಕೊಟೇಶನ್ ತರ್ಸಿ, ಅದನ್ನ ಯಾರ ಹೆಸರಲ್ಲಿ ರಸೀದಿ ಮಾಡೋದು ಹೇಳಿ ಅಂತ. ನನ್ನ ಹೆಸರಲ್ಲೇ ಮಾಡಿ ಅಂದಿದೀನಿ, ಗ್ರಾನೈಟಿಗೆ ಅಂತ ಕೇಳಿದ್ರಲ್ಲ, ಅದೇ ದುಡ್ಡು.