ಪಂಚಾಯತಿಗೂ ಮತಯಂತ್ರ ಬರಲಿ, ಆದರೆ ಚೀಟಿ ಎಲ್ಲವನ್ನೂ ಎಣಿಸಿ

ಪಂಚಾಯತಿ ಚುನಾವಣೆಯ ಮಾತು ಬಂದರೆ ಸಾಕು, ನಮ್ಮ ಅಂಕೋಲಾ ಕಡೆ ಜನ ಎರಡು ಭಾಗ ಆಗಿಬಿಡುತ್ತಾರೆ. ಬ್ಯಾಲೆಟ್ ಪೇಪರೇ ಸರಿ ಅನ್ನುವವರು ಒಂದು ಕಡೆ. ಇನ್ನೂ ಎಷ್ಟು ವರ್ಷ ಸೀಲು ಒತ್ತುತ್ತಾ ಕೂರುವುದು, ಮಷಿನ್ ತನ್ನಿ ಅನ್ನುವವರು ಇನ್ನೊಂದು ಕಡೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಅಲ್ಲಿಂದ ಇದು ಪೂರ್ತಿ ರಾಜಕೀಯದ ಜಗಳವೇ ಆಗಿಹೋಯಿತು. ಯಾರು ಯಾವ ಪಕ್ಷ ಅಂತ ಗೊತ್ತಿದ್ದರೆ, ಅವರಿಗೆ ಪೇಪರ್ ಬೇಕಾ ಮಷಿನ್ ಬೇಕಾ ಅಂತ ಕೇಳುವ ಅಗತ್ಯವೇ ಇಲ್ಲ.

ನಾನು ಜೋಯಿಡಾ, ಶಿರಸಿ, ಅಂಕೋಲಾ ತಾಲೂಕುಗಳಲ್ಲಿ ಶಾಲೆ ಮಾಡಿದವಳು. ಪೆಟ್ಟಿಗೆ ಕಾಲದ ಚುನಾವಣೆ ಡ್ಯೂಟಿಯನ್ನೂ ಮಾಡಿದ್ದೇನೆ, ಮಷಿನ್ ಕಾಲದ ಡ್ಯೂಟಿಯನ್ನೂ ಮಾಡಿದ್ದೇನೆ. ಈಗ ನಿವೃತ್ತಿಯಾಗಿದೆ, ಬಾಯಿ ಬಿಡಬಹುದು. ನನ್ನ ಮಾತು ಇಷ್ಟೇ: ಪಂಚಾಯತಿಗೆ ಮಷಿನ್ ಬರಲಿ, ಪಕ್ಕದಲ್ಲಿ ಯಾರಿಗೆ ವೋಟು ಬಿತ್ತು ಅಂತ ತೋರಿಸುವ ಚೀಟಿ ಬೀಳುವ ಯಂತ್ರವೂ (ವಿವಿಪ್ಯಾಟ್) ಇರಲಿ, ಆ ಚೀಟಿಗಳನ್ನು ಒಂದೂ ಬಿಡದೆ ಎಣಿಸಲಿ. ಫೋನಿನಲ್ಲಿ ವೋಟು ಹಾಕುವ ಮಾತನ್ನು ಮಾತ್ರ ಸದ್ಯಕ್ಕೆ ಎತ್ತುವುದು ಬೇಡ.

ಪೇಟೆಯಲ್ಲಿರುವ ಎಷ್ಟೋ ಜನರಿಗೆ ಪಂಚಾಯತಿ ವೋಟು ಹೇಗೆ ಬೇರೆ ಅನ್ನುವುದೇ ಗೊತ್ತಿರುವುದಿಲ್ಲ. ಎಂಎಲ್‌ಎ ಚುನಾವಣೆಯಲ್ಲಿ ಒಬ್ಬರನ್ನು ಆರಿಸಬೇಕು, ಒಂದು ಗುಂಡಿ ಒತ್ತಿ ಬರುತ್ತೀರಿ. ಗ್ರಾಮ ಪಂಚಾಯತಿಯಲ್ಲಿ ಹಾಗಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅಂತ ಲೆಕ್ಕ. ಊರು ದೊಡ್ಡದಿದ್ದರೆ ಒಂದೇ ವಾರ್ಡಿಗೆ ಎರಡೋ ಮೂರೋ ಸ್ಥಾನ. ಮೂರು ಸ್ಥಾನ ಇದ್ದರೆ ಒಬ್ಬ ಮತದಾರನಿಗೆ ಮೂರು ವೋಟು. ಒಂದೇ ಮತಪತ್ರದಲ್ಲಿ ಮೂರು ಜನರ ಮುಂದೆ ಸೀಲು ಒತ್ತಬಹುದು. ಒಂದೋ ಎರಡೋ ಒತ್ತಿ ಸುಮ್ಮನಾದರೂ ನಡೆಯುತ್ತದೆ. ನಾಲ್ಕು ಒತ್ತಿದರೆ ಮಾತ್ರ ಇಡೀ ಮತಪತ್ರವೇ ಕುಲಗೆಟ್ಟಿತು.

ಈ ನಾಲ್ಕನೇ ಸೀಲಿನ ಕಥೆ ಕೇಳಬೇಕು ನೀವು. ಒಂದು ಸಲ ಬೂತಿನಲ್ಲಿ ಒಬ್ಬ ಅಜ್ಜಿ ಬೋರ್ಡಿನ ಹಿಂದೆ ಹೋದವರು ಹೊರಗೆ ಬರಲೇ ಇಲ್ಲ. ಟಪ್, ಟಪ್ ಅಂತ ಸೀಲಿನ ಸದ್ದು ಮಾತ್ರ ಬರುತ್ತಲೇ ಇದೆ. ಏಜೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದಾರೆ. ಕೊನೆಗೆ ಮಡಿಸಿದ ಕಾಗದ ಹಿಡಿದು ಬಂದ ಅಜ್ಜಿ ಪೆಟ್ಟಿಗೆಗೆ ಹಾಕಿ, ನನ್ನ ಕಡೆ ತಿರುಗಿ, "ಎಲ್ಲಾ ನಮ್ಮೋರೇ ಅಲ್ದಾ ಅಕ್ಕೋರೇ, ಒಬ್ರಿಗೆ ಒತ್ತಿ ಒಬ್ರಿಗೆ ಬಿಟ್ರೆ ನಾಳೆ ಮುಖ ತೋರ್ಸೂದು ಹೆಂಗೆ?" ಅಂದರು. ಎಷ್ಟು ಒತ್ತಿದರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಆದರೆ ಅಂಥ ಮತಪತ್ರಗಳು ಎಣಿಕೆ ಮೇಜಿಗೆ ಬಂದೇ ಬರುತ್ತವೆ.

ಎಣಿಕೆಯ ಕಷ್ಟವೂ ಅಷ್ಟೇ. ಒಂದು ಕಾಗದದಲ್ಲಿ ಒಂದೇ ಸೀಲು ಇದ್ದರೆ ಅಭ್ಯರ್ಥಿಗೊಂದು ಕಟ್ಟು ಮಾಡಿ ಎಣಿಸಿ ಮುಗಿಸಬಹುದು. ಒಂದೇ ಕಾಗದದಲ್ಲಿ ಮೂರು ಜನರಿಗೆ ಸೀಲು ಇದ್ದರೆ ಅದನ್ನು ಯಾರ ಕಟ್ಟಿಗೆ ಸೇರಿಸುತ್ತೀರಿ? ಒಬ್ಬರು ಒಂದೊಂದೇ ಮತಪತ್ರ ಎತ್ತಿ ಹಿಡಿದು ಓದಬೇಕು, ಇನ್ನೊಬ್ಬರು ಹಾಳೆಯ ಮೇಲೆ ಗೀಟು ಎಳೆಯಬೇಕು, ಏಜೆಂಟರು ಕುತ್ತಿಗೆ ಚಾಚಿ ನೋಡಬೇಕು. ಸಂಜೆ ಆಗುವಷ್ಟರಲ್ಲಿ ಗೀಟು ಎಳೆಯುವವರ ಕಣ್ಣು ಮಂಜಾಗಿರುತ್ತದೆ. 2020ರ ಡಿಸೆಂಬರ್ 30ರಂದು ರಾಜ್ಯದಲ್ಲಿ ಪಂಚಾಯತಿ ಮತ ಎಣಿಸಿದಾಗ ಎಷ್ಟೋ ಕಡೆ ರಾತ್ರಿ ಕಳೆದರೂ ಫಲಿತಾಂಶ ಬಂದಿರಲಿಲ್ಲ. ಪೇಪರೇ ಚೆಂದ ಅನ್ನುವವರಲ್ಲಿ ಹೆಚ್ಚಿನವರು ಆ ಮೇಜಿನ ಮುಂದೆ ಕೂತವರಲ್ಲ.

ಹಾಗಂತ ಆ ಬಾಣದ ಗುರುತಿನ ಸೀಲನ್ನು ನಾನು ಹಗುರ ಮಾಡುವುದಿಲ್ಲ. ಭಾರೀ ಬುದ್ಧಿವಂತರು ಮಾಡಿದ್ದು ಅದು. ಮತಪತ್ರ ಮಡಿಸುವಾಗ ಹಸಿ ಶಾಯಿ ಎದುರಿನ ಹೆಸರಿನ ಮೇಲೂ ಅಂಟುತ್ತದೆ. ಆಗ ನಿಜವಾಗಿ ಒತ್ತಿದ್ದು ಯಾವುದು, ಅಂಟಿದ್ದು ಯಾವುದು? ಸೀಲಿನ ಬಾಣಗಳು ತಿರುಗಿರುವ ದಿಕ್ಕು ನೋಡಿದರೆ ಗೊತ್ತಾಗುತ್ತದೆ. ಅಂಟಿದ ಗುರುತಿನಲ್ಲಿ ಅವು ಉಲ್ಟಾ ತಿರುಗಿರುತ್ತವೆ. ಸುಮ್ನೆ ಒಂದು ದುಂಡು ಸೀಲು ಆಗಿದ್ದರೆ ಪ್ರತಿ ಊರಲ್ಲೂ ಹೊಡೆದಾಟ ಆಗುತ್ತಿತ್ತು.

ಇನ್ನು ಮಷಿನ್. ಅದು ನಡೆಯುವುದು ಬ್ಯಾಟರಿಯ ಮೇಲೆ, ಕರೆಂಟ್ ಬೇಡ. ಜೋಯಿಡಾ ಕಡೆಯ ಶಾಲೆಗಳಲ್ಲಿ ಡ್ಯೂಟಿ ಮಾಡಿದವರಿಗೆ ಈ ಒಂದು ಮಾತಿನ ಬೆಲೆ ಗೊತ್ತು. ಯಾವ ನೆಟ್‌ವರ್ಕಿಗೂ ಅದನ್ನು ಜೋಡಿಸುವುದಿಲ್ಲ. ನಿಮಿಷಕ್ಕೆ 4ಕ್ಕಿಂತ ಹೆಚ್ಚು ವೋಟು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಬೂತಿಗೆ ನುಗ್ಗಿ ಕಟ್ಟುಗಟ್ಟಲೆ ಸೀಲು ಒತ್ತುವ ಹಳೇ ಆಟ ನಡೆಯುವುದಿಲ್ಲ. ಲೆಕ್ಕಕ್ಕಿಂತ ಜಾಸ್ತಿ ಒತ್ತಿದರೂ ಅದು ಕೇಳುವುದಿಲ್ಲ, ಹಾಗಾಗಿ ಕುಲಗೆಟ್ಟ ಮತ ಅನ್ನುವುದೇ ಇಲ್ಲ. ಮಾಡುವುದೂ ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್, ಎರಡೂ ಸರ್ಕಾರಿ ಕಂಪನಿಗಳು. ಮಾಜಾಳಿ ದಾಟಿದರೆ ಸಿಗುವ ಗೋವಾದಲ್ಲಿ 1999ರಲ್ಲೇ ಇಡೀ ವಿಧಾನಸಭೆ ಚುನಾವಣೆಯನ್ನು ಮಷಿನ್‌ನಲ್ಲಿ ಮಾಡಿ ಮುಗಿಸಿದರು. ಒಂದು ಇಡೀ ರಾಜ್ಯ ಮಷಿನ್‌ನಲ್ಲಿ ವೋಟು ಹಾಕಿದ್ದು ಅದೇ ಮೊದಲು. ಕಾರವಾರದವರು ಆಗ ಬಾಯಿ ತೆರೆದು ನೋಡುತ್ತಿದ್ದರು. 2004ರಲ್ಲಿ ಲೋಕಸಭೆಗೆ ದೇಶದ 543 ಕ್ಷೇತ್ರಗಳಲ್ಲೂ ಅದೇ ಬಂತು.

ಆದರೆ ಎಂಎಲ್‌ಎ ಚುನಾವಣೆಯ ಮಷಿನ್ ತಂದು ಪಂಚಾಯತಿಗೆ ಇಟ್ಟರೆ ಆಗುವುದಿಲ್ಲ. ಅದು ಒಂದು ವೋಟು ತೆಗೆದುಕೊಂಡು ಬೀಪ್ ಅಂದು ಬಾಗಿಲು ಹಾಕಿಕೊಳ್ಳುತ್ತದೆ. ನಮಗೆ ಬೇಕಾಗಿರುವುದು ಒಬ್ಬರಿಂದ ಎರಡು ಮೂರು ವೋಟು ತೆಗೆದುಕೊಳ್ಳುವ ಮಷಿನ್. ಅಂಥದ್ದು ಇಲ್ಲದ್ದೇನಲ್ಲ. ಮಹಾರಾಷ್ಟ್ರದ ಎಷ್ಟೋ ಮಹಾನಗರ ಪಾಲಿಕೆಗಳಲ್ಲಿ ಒಂದೇ ವಾರ್ಡಿಗೆ ನಾಲ್ಕು ಸದಸ್ಯರನ್ನು ಮಷಿನ್‌ನಲ್ಲೇ ಆರಿಸುತ್ತಾರೆ. ನಮ್ಮಲ್ಲೂ 2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಾತ್ರ ಪಂಚಾಯತಿಗೆ ಮಷಿನ್ ಇಟ್ಟಿದ್ದರು. ತೊಂದರೆ ಇರುವುದು ರೂಢಿಯಲ್ಲಿ. ನಮ್ಮ ಜನರಿಗೆ ಒಂದು ಗುಂಡಿ ಒತ್ತಿ ಹೊರಡುವುದು ಕೈಗೆ ಬಂದುಬಿಟ್ಟಿದೆ. ಮೂರು ವೋಟಿರುವ ಮಷಿನ್‌ನಲ್ಲಿ ಒಂದು ಒತ್ತಿ ಹೊರಟುಬಿಟ್ಟರೆ ಮಷಿನ್ ಕಾಯುತ್ತಾ ಕೂರುತ್ತದೆ. ಬೂತಿನವರು ವಾಪಸ್ ಕರೆಯಬೇಕು, ಒಳಗೆ ಬಗ್ಗಿ ನೋಡುವ ಹಾಗಿಲ್ಲ, ಹೊರಗಿನಿಂದಲೇ ಕೂಗಿ ಹೇಳಬೇಕು. ಸಾಲು ಉದ್ದ ಆಗುತ್ತದೆ. ಮೊದಲ ಚುನಾವಣೆಯಲ್ಲಿ ಇದು ಆಗಿಯೇ ಆಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಬೇರೆ. ಸೋತವನು ಒಪ್ಪುತ್ತಾನಾ?

ಮಷಿನ್‌ನ ಮೊದಲ ಕಥೆಯೇ ಸೋತವನ ಕಥೆ. 1982ರ ಮೇ ತಿಂಗಳಲ್ಲಿ ಕೇರಳದ ಪರೂರ್ ಕ್ಷೇತ್ರದ 50 ಬೂತುಗಳಲ್ಲಿ ದೇಶದಲ್ಲೇ ಮೊದಲ ಬಾರಿ ಮಷಿನ್ ಇಟ್ಟರು. ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಎ.ಸಿ. ಜೋಸ್ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್, ಮಷಿನ್ ಬಳಸಲು ಕಾನೂನೇ ಇಲ್ಲವಲ್ಲ ಎಂದು ಆ ಬೂತುಗಳಲ್ಲಿ ಮತ್ತೆ ಮತದಾನ ಮಾಡಿಸಿತು. ಈ ಸಲ ಜೋಸ್ ಗೆದ್ದರು! ಕಾನೂನು ತಿದ್ದುಪಡಿ ಆಗಲು 1988ರವರೆಗೆ ಕಾಯಬೇಕಾಯಿತು.

ನಮ್ಮ ಜಿಲ್ಲೆಯದೇ ನೋಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಕುಮಟಾದಲ್ಲಿ ಗೆಲುವಿನ ಅಂತರ 676 ಮತ. ಇಡೀ ಕ್ಷೇತ್ರಕ್ಕೆ ಅಷ್ಟೇ. ಪಂಚಾಯತಿಯಲ್ಲಿ ಒಂದು ಮತ, ಎರಡು ಮತದಲ್ಲಿ ಗೆದ್ದವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಸಮ ಬಿದ್ದರೆ ಚೀಟಿ ಎತ್ತುತ್ತಾರೆ. ಇಲ್ಲಿ ಸೋತವನೂ ಗೆದ್ದವನೂ ಒಂದೇ ಬಾವಿಯ ನೀರು ಕುಡಿಯುವವರು. ಒಬ್ಬರ ತೋಟಕ್ಕೆ ಹೋಗಲು ಇನ್ನೊಬ್ಬರ ಅಂಗಳ ದಾಟಬೇಕು. ಒಂದು ಮತದಿಂದ ಸೋತವನಿಗೆ "ಮಷಿನ್ ಹೇಳಿತು, ಮುಗೀತು" ಅಂದರೆ ಅವನು ಐದು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಮಷಿನ್ ಮೋಸ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಏಜೆಂಟರ ಎದುರೇ ಅಣಕು ಮತದಾನ ಮಾಡಿ, ಎಣಿಸಿ ತೋರಿಸಿ, ಅಳಿಸಿ, ಸೀಲು ಹಾಕಿಯೇ ಶುರು ಮಾಡುತ್ತಿದ್ದೆವು. ನನಗೆ ಅದರ ಮೇಲೆ ನಂಬಿಕೆ ಇದೆ. ಆದರೆ ಸೋತವನಿಗೂ ನನ್ನಷ್ಟೇ ನಂಬಿಕೆ ಇರಬೇಕು ಅಂತ ಹೇಳಲು ನಾನ್ಯಾರು? 2009ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಅಲ್ಲಿನ ಮತಯಂತ್ರಗಳನ್ನು ಒಪ್ಪದೇ ಇದ್ದದ್ದು ಇದೇ ಕಾರಣಕ್ಕೆ. ಮತ ಹಾಕಿದ್ದು, ಎಣಿಸಿದ್ದು ಸರಿಯಾಗಿದೆಯೇ ಎಂದು ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯನೂ ನೋಡಿ ತಿಳಿದುಕೊಳ್ಳುವಂತೆ ಇರಬೇಕು ಎಂದಿತು.

ಅದಕ್ಕೇ ಚೀಟಿ. ವಿವಿಪ್ಯಾಟ್ ನೀವೆಲ್ಲ ನೋಡಿದ್ದೀರಿ. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ 7 ಸೆಕೆಂಡ್ ಹೆಸರು, ಚಿಹ್ನೆ ಕಂಡು, ಆಮೇಲೆ ಚೀಟಿ ಒಳಗೆ ಬೀಳುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಳಸಿದ್ದು. 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಬೂತುಗಳ ಚೀಟಿ ಎಣಿಸಿ ತಾಳೆ ನೋಡುತ್ತಾರೆ. ಎಲ್ಲಾ ಚೀಟಿ ಎಣಿಸಿ ಅನ್ನುವ ಬೇಡಿಕೆಯನ್ನು 2024ರ ಏಪ್ರಿಲ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ. ತುಂಬಾ ಸಮಯ ಹಿಡಿಯುತ್ತದೆ, ಕೈಯಲ್ಲಿ ಎಣಿಸುವಾಗ ತಪ್ಪು ಸೇರುತ್ತದೆ ಎಂಬುದು ಕಾರಣಗಳಲ್ಲಿ ಸೇರಿತ್ತು. ಲೋಕಸಭೆಗೆ ಆ ಮಾತು ಸರಿ ಇರಬಹುದು. ಪಂಚಾಯತಿ ವಾರ್ಡಿಗೆ? ಮೂರು ಸ್ಥಾನದ ವಾರ್ಡು ಅಂದರೆ ಸುಮಾರು 1,200 ಜನಸಂಖ್ಯೆ. ಮಕ್ಕಳನ್ನು ಬಿಟ್ಟರೆ ಮತದಾರರು 900 ಇದ್ದಾರು. ಎಲ್ಲರೂ ಬಂದು ಮೂರೂ ವೋಟು ಹಾಕಿದರೂ 2,700 ಚೀಟಿ. ಒಂದು ಚೀಟಿಗೆ ಒಂದೇ ಹೆಸರು, ಹಾಗಾಗಿ ಗೀಟು ಎಳೆಯುವ ಕೆಲಸವೇ ಇಲ್ಲ, ಹೆಸರಿಗೊಂದು ಕಟ್ಟು ಮಾಡಿ ಎಣಿಸಿದರಾಯಿತು. ಮತಪತ್ರ ಎಣಿಸಿ ಬಂದ ನಮಗೆ ಇದು ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯುವ ಕೆಲಸ. ಮಷಿನ್ ಲೆಕ್ಕವೂ ಚೀಟಿ ಲೆಕ್ಕವೂ ಒಂದೇ ಬಂದರೆ ಸೋತವನು ಮನೆಗೆ ಹೋಗಿ ಮಲಗುತ್ತಾನೆ. ಸ್ಥಳೀಯ ಸಂಸ್ಥೆಗಳಿಗೆ ಮಷಿನ್ ಇಡುವಾಗ ಹೆಚ್ಚಾಗಿ ಈ ಚೀಟಿ ಯಂತ್ರವನ್ನೇ ಬಿಟ್ಟುಬಿಡುತ್ತಾರೆ. ಎಲ್ಲಿ ಅದನ್ನು ಎಣಿಸುವುದು ಸುಲಭವೋ ಅಲ್ಲೇ ಇಲ್ಲ ಅಂದರೆ ಏನು ಹೇಳೋಣ!

ಒಂದು ಅನುಮಾನ ಮಾತ್ರ ನನಗೆ ಉಳಿದಿದೆ. ಮಷಿನ್‌ನಲ್ಲಿ ಬೂತಿನ ಲೆಕ್ಕ ಬೂತಿಗೇ ಸಿಗುತ್ತದೆ. ಯಾವ ಕೇರಿ ಯಾರಿಗೆ ಹಾಕಿತು ಅಂತ ಗೆದ್ದವನಿಗೆ ಗೊತ್ತಾದರೆ ಆ ಕೇರಿಯ ನಲ್ಲಿಗೆ ನೀರು ಬರುವುದು ತಡ ಆಗಬಹುದು. ಪೇಪರ್ ಆದರೆ ಎಣಿಸುವ ಮೊದಲು ಬೇರೆ ಬೇರೆ ಬೂತಿನದ್ದನ್ನು ಕಲಸಿಬಿಡಲು ಬರುತ್ತದೆ. ಹಲವು ಬೂತಿನ ಲೆಕ್ಕವನ್ನು ಒಟ್ಟಿಗೆ ಕೂಡಿ ತೋರಿಸುವ ಟೋಟಲೈಸರ್ ಯಂತ್ರದ ಪ್ರಸ್ತಾಪವನ್ನು ಚುನಾವಣಾ ಆಯೋಗ 2008ರಲ್ಲೇ ಮಾಡಿತ್ತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಒಂದು ವಾರ್ಡಿಗೆ ಎರಡು ಬೂತು ಇರುವಲ್ಲಾದರೂ ಚೀಟಿಗಳನ್ನು ಕಲಸಿ ಎಣಿಸುವ ದಾರಿ ಹುಡುಕಬೇಕು.

ಫೋನಿನ ಮಾತು. 2025ರ ಜೂನ್ 28ರಂದು ಬಿಹಾರದಲ್ಲಿ ಕೆಲವು ನಗರ ಸಂಸ್ಥೆಗಳ ಚುನಾವಣೆಗೆ ಮೊಬೈಲ್ ಆ್ಯಪ್‌ನಲ್ಲೇ ವೋಟು ಹಾಕಿಸಿದರು. ವಯಸ್ಸಾದವರು, ಅಂಗವಿಕಲರು, ಗರ್ಭಿಣಿಯರು, ಬೇರೆ ಊರಿಗೆ ದುಡಿಯಲು ಹೋದವರಿಗೆ ಅಂತ. ಕೇಳಲು ಚೆನ್ನಾಗಿದೆ. ನಮ್ಮ ಹುಡುಗರು ಗೋವಾದಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಬೋಟಿಗೆ ಹೋದವರು ಮತದಾನದ ದಿನ ಸಮುದ್ರದಲ್ಲೇ ಇರುತ್ತಾರೆ. ಇವರೆಲ್ಲರ ವೋಟು ಹಾಳಾಗುತ್ತಿರುವುದು ನಿಜ.

ಆದರೆ ನಾನು ಬೂತಿನಲ್ಲಿ ಕೂತು ನೋಡಿದ್ದು ಒಂದಿದೆ. ಮನೆಯವರು ಬಾಗಿಲ ತನಕ ಬರುತ್ತಾರೆ, ದಾರಿಯುದ್ದಕ್ಕೂ ಯಾರಿಗೆ ಒತ್ತಬೇಕು ಅಂತ ಹೇಳಿಕೊಂಡೇ ಬರುತ್ತಾರೆ. ಆ ರಟ್ಟಿನ ಬೋರ್ಡಿನ ಹಿಂದೆ ಮಾತ್ರ ಹೆಂಗಸು ಒಬ್ಬಳೇ. ಅಷ್ಟು ಹೊತ್ತು ಗಂಡನೂ ಇಲ್ಲ, ಮಾವನೂ ಇಲ್ಲ, ಹಿಂದಿನ ರಾತ್ರಿ ದುಡ್ಡು ಕೊಟ್ಟು ಹೋದವನೂ ಇಲ್ಲ. ಫೋನು ಮನೆಗೆ ಬಂದರೆ ಆ ಬೋರ್ಡು ಹೋಯಿತು. ಎಷ್ಟೋ ಮನೆಯಲ್ಲಿ ಸ್ಮಾರ್ಟ್‌ಫೋನು ಇರುವುದೇ ಒಂದು, ಅದು ಯಾರ ಕಿಸೆಯಲ್ಲಿ ಇರುತ್ತದೆ ಅಂತ ನಾನು ಹೇಳಬೇಕಾ? ದುಡ್ಡು ಕೊಟ್ಟವನು ಪಕ್ಕದಲ್ಲೇ ಕೂತು ಒತ್ತಿಸಿಕೊಂಡು ಹೋಗುತ್ತಾನೆ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಊರುಗಳ ಮಾತು ಆಮೇಲೆ.

ವಯಸ್ಸಾದವರಿಗೆ ಬೇರೆ ದಾರಿ ಇದೆ. 2023ರಲ್ಲಿ 80 ದಾಟಿದವರ ಮನೆಗೆ ಸಿಬ್ಬಂದಿಯೇ ಹೋಗಿ ಗುಟ್ಟಾಗಿ ವೋಟು ಹಾಕಿಸಿಕೊಂಡು ಬಂದರಲ್ಲ, ಅದನ್ನು ಪಂಚಾಯತಿಗೂ ತರಲಿ. ಹೊರಗಿರುವವರಿಗೆ, ಅವರು ಇರುವ ಊರಿನ ಬೂತಿನಲ್ಲೇ ತಮ್ಮ ಕ್ಷೇತ್ರದ ವೋಟು ಹಾಕುವ ರಿಮೋಟ್ ಮತಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇಟ್ಟಿತ್ತು. ಒಂದೇ ಮಷಿನ್‌ನಲ್ಲಿ 72 ಕ್ಷೇತ್ರ. ವಿರೋಧ ಪಕ್ಷಗಳು ಬೇಡ ಅಂದವು. ನನಗೆ ಆ್ಯಪ್‌ಗಿಂತ ಅದೇ ವಾಸಿ ಅನ್ನಿಸುತ್ತದೆ. ಕನಿಷ್ಠ ಬೋರ್ಡು ಇರುತ್ತದೆ.

ಇದನ್ನೆಲ್ಲ ತೀರ್ಮಾನ ಮಾಡುವವರು ದೆಹಲಿಯವರಲ್ಲ. ಪಂಚಾಯತಿ, ಪುರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವ ದೆಹಲಿಯ ಚುನಾವಣಾ ಆಯೋಗವೇ ಬೇರೆ. ಲೋಕಸಭೆಯ ಸಿಟ್ಟನ್ನು ತಂದು ಇಲ್ಲಿ ತೀರಿಸಿಕೊಳ್ಳುವವರು ಇದನ್ನು ಮರೆಯುತ್ತಾರೆ. ಒಮ್ಮೆಗೇ ಇಡೀ ರಾಜ್ಯಕ್ಕೆ ತರುವುದೂ ಬೇಡ. ಮೂರು ವೋಟಿನ ಒಂದು ಮಷಿನ್, ಪಕ್ಕದಲ್ಲಿ ಚೀಟಿ ಯಂತ್ರ, ಇಷ್ಟನ್ನು ಕಾರವಾರದ ಭಾನುವಾರದ ಸಂತೆಯಲ್ಲಿ ಇಡಲಿ. ಬಸಳೆ ಮಾರುವ ಹೆಂಗಸರು ಒತ್ತಿ ನೋಡಲಿ, ಎಲ್ಲಿ ಎಡವುತ್ತಾರೆ ಅಂತ ಅಧಿಕಾರಿಗಳು ನಿಂತು ಬರೆದುಕೊಳ್ಳಲಿ. ಆಮೇಲೆ ಒಂದು ತಾಲೂಕಿನಲ್ಲಿ ನಿಜವಾದ ಚುನಾವಣೆ ಮಾಡಲಿ. ನನ್ನನ್ನು ಕೇಳಿದರೆ ಜೋಯಿಡಾದಿಂದಲೇ ಶುರು ಮಾಡಲಿ. ಪ್ರಯೋಗ ಅಂದರೆ ಯಾವಾಗಲೂ ಪೇಟೆ ಹತ್ತಿರದ, ಡಾಂಬರು ರಸ್ತೆ ಇರುವ ಊರನ್ನೇ ಹುಡುಕುತ್ತಾರೆ. ಜೀಪು ಹೋಗದ ಕಡೆ ಪೆಟ್ಟಿಗೆ ಹೊತ್ತು ನಡೆದು ಅಭ್ಯಾಸ ಇರುವ ಸಿಬ್ಬಂದಿ ಜೋಯಿಡಾದಲ್ಲಿ ಇದ್ದಾರೆ, ಮಷಿನ್ ಅದಕ್ಕಿಂತ ಭಾರ ಏನಿಲ್ಲ.