ಕಾಯಿಲೆ ಗೊತ್ತಾದ ಮೇಲೂ ‘ಅನಿರ್ದಿಷ್ಟ’ವೇ?

ಬಿಲ್ಲಿನಲ್ಲಿ ಕೈಗವಸಿನ ಲೆಕ್ಕವನ್ನೂ ಬಿಡದೆ ಬರೆಯುವ ಆಸ್ಪತ್ರೆಯವರಿಗೆ ರೋಗಿಯ ಕಾಯಿಲೆ ಯಾವುದೆಂದು ನಮೂದಿಸುವಾಗ ಮಾತ್ರ ಏಕಿಷ್ಟು ಉದಾಸೀನವೋ ತಿಳಿಯದು. ನಮ್ಮ ತಾಯಿಯವರಿಗೆ ಬಹಳ ಕಾಲ ರಕ್ತಭೇದಿಯಾಗಿ, ಕೊಲೊನೋಸ್ಕೋಪಿ ನಡೆದು, ಬಯಾಪ್ಸಿ ವರದಿಯೂ ಬಂದ ಮೇಲೆ, ದೊಡ್ಡ ಕರುಳಿನ ಎಡಭಾಗದಲ್ಲಿ ಅಲ್ಸರೇಟಿವ್ ಕೊಲೈಟಿಸ್ (ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ) ಇದೆಯೆಂದು ವೈದ್ಯರು ನಮ್ಮೆದುರೇ ಹೇಳಿದ್ದರು. ಕಾಯಿಲೆಗಳಿಗೆ ಕೋಡ್ ಕೊಡುವ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಅದಕ್ಕೆಂದೇ ಕೆ51.5 ಎಂಬ ಕೋಡ್ ಇದೆ. ಹೀಗಿದ್ದೂ ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆಯವರು ತುಂಬಬೇಕಾದ ಭಾಗದಲ್ಲಿ ಯಾರೋ ಕೆ63.9 ಎಂದು ಗೀಚಿ ಸೀಲು ಒತ್ತಿದ್ದಾರೆ. ಕರುಳಿಗೆ ಏನೋ ಕಾಯಿಲೆಯಿದೆ, ಯಾವುದೆಂದು ನಿರ್ದಿಷ್ಟವಾಗಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ.

ವಿಮಾ ಕಂಪನಿಗೆ ಬೇಕಾಗಿದ್ದೂ ಅದೇ. ಕೇವಲ ತಪಾಸಣೆಗಾಗಿ ದಾಖಲಾದರೆ ಹಣ ಕೊಡುವುದಿಲ್ಲವೆಂದು ಪಾಲಿಸಿಯಲ್ಲಿರುವ ಷರತ್ತನ್ನು ತೋರಿಸಿ ಕ್ಲೇಮನ್ನು ತಿರಸ್ಕರಿಸಿದ್ದಾರೆ. ಹಾಗಾದರೆ ಡ್ರಿಪ್‌ನಲ್ಲಿ ಕೊಟ್ಟ ಸ್ಟೀರಾಯ್ಡ್ ಯಾವ ತಪಾಸಣೆ, ಸ್ವಾಮಿ?

ದಾಖಲಾದ ದಿನವೇ ಖಚಿತವಾದ ಕೋಡ್ ಬರೆಯಬೇಕಿತ್ತೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಯಾವುದು, ಅಲ್ಸರೇಟಿವ್ ಕೊಲೈಟಿಸ್‌ನಂತೆಯೇ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆ ಯಾವುದು ಎಂದು ಬೇರ್ಪಡಿಸಲು ಅನುಭವಿ ವೈದ್ಯರೂ ತಿಣುಕುತ್ತಾರೆ. ಕ್ಷಯವಿರುವವರಿಗೆ ಆತುರಪಟ್ಟು ಸ್ಟೀರಾಯ್ಡ್ ಕೊಟ್ಟರೆ ಅನಾಹುತವಾಗುತ್ತದೆ. ಆದ್ದರಿಂದ ವರದಿ ಬರುವವರೆಗೆ ‘ಅನಿರ್ದಿಷ್ಟ’ ಎಂದು ಬರೆಯುವುದು ಪ್ರಾಮಾಣಿಕತೆಯೇ ಸರಿ. ಆದರೆ ವರದಿ ಕೈಸೇರಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಹೆಸರು ದಪ್ಪಕ್ಷರದಲ್ಲಿ ಅಚ್ಚಾದ ಮೇಲೂ ಹಳೆಯ ಕೋಡನ್ನೇ ಉಳಿಸಿಕೊಂಡಿದ್ದು ಶುದ್ಧ ಸೋಮಾರಿತನ.

ಇದನ್ನು ಸರಿಪಡಿಸಿಕೊಡಿ ಎಂದರೆ, ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಕೌಂಟರಿನವರು ದಾಖಲೆ ವಿಭಾಗದತ್ತ ಕೈ ತೋರಿಸುತ್ತಾರೆ. ಆ ವಿಭಾಗದವರು ವೈದ್ಯರ ಸಹಿಯಿಲ್ಲದೆ ಒಂದಕ್ಷರವನ್ನೂ ತಿದ್ದುವುದಿಲ್ಲವೆನ್ನುತ್ತಾರೆ. ವೈದ್ಯರಂತೂ ಕೋಡ್ ಬರೆಯುವುದು ತಮ್ಮ ಕೆಲಸವೇ ಅಲ್ಲವೆಂದು ಕೈ ತೊಳೆದುಕೊಂಡಿದ್ದಾರೆ. ಹಣ ಕಟ್ಟುವವರೆಗೆ ಮನೆಗೆ ಬಿಡದವರು, ಆ ಫಾರ್ಮನ್ನು ಒಮ್ಮೆ ನಮಗೆ ತೋರಿಸಿ ಸಹಿ ಹಾಕಿಸಿಕೊಳ್ಳುವ ಸೌಜನ್ಯವನ್ನಾದರೂ ತೋರಬಹುದಿತ್ತು.

ಬಯಾಪ್ಸಿ ವರದಿಯನ್ನು ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದಿದ್ದೇನೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡುವುದು ನಿಶ್ಚಯ. ಈ ಕಾಯಿಲೆ ಮತ್ತೆ ಮತ್ತೆ ಕೆರಳುವಂಥದ್ದು. ಮುಂದೆ ತಾಯಿಯವರು ಪುನಃ ದಾಖಲಾಗಿ, ಆಗ ಸರಿಯಾಗಿ ಕೆ51.5 ಎಂದೇ ಬರೆದರೆ, ಹಿಂದಿನ ಕಡತದಲ್ಲಿ ಬೇರೆಯೇ ಇದೆಯಲ್ಲ ಎಂದು ಇದೇ ಕಂಪನಿ ತಗಾದೆ ತೆಗೆಯದೆ ಬಿಡುತ್ತದೆಯೇ?